ಚಳ್ಳಕೆರೆಯ ಸಮುದ್ರಶೂರರು

ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟವನಿಗೆ ಸುಟ್ಟ ಮೋಟಾರುಗಳ ಕಾಟ ಇದ್ದದ್ದೇ. ಅದು ಕಸುಬು, ಸಹಿಸಿಕೊಳ್ಳುತ್ತೇನೆ. ಆದರೆ ನನ್ನ ಅಂಗಡಿಗೆ ಸಮುದ್ರದ ಮೀನಿನ ಕಾಟವೂ ಇದೆ. ಕೆರೆ ಕೋಡಿ ಬಿತ್ತೆಂದರೆ ಹೆಂಡತಿ ಮಕ್ಕಳನ್ನು ಸ್ಕೂಟರ್ ಮೇಲೆ ಕೂರಿಸಿಕೊಂಡು ನೋಡಲು ಓಡುವ ಚಳ್ಳಕೆರೆಯಲ್ಲಿ, ಸಮುದ್ರಕ್ಕೆ ಹೋಗಿ ಗಾಳ ಹಾಕುವವರ ಒಂದು ಬಳಗವಿದೆ. ಪ್ರತಿ ಭಾನುವಾರ ಬೆಳಿಗ್ಗೆ ನನ್ನ ಅಂಗಡಿಯ ಮುಂದೆ ಕೂರುತ್ತದೆ. ಕೂತ ಮೇಲೆ ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ, ನಾನು ಬೇಡವೆಂದರೂ.

ಬಳಗ ಎಂದರೆ ಮೂರೇ ಜನ. ಇದಕ್ಕೆಲ್ಲ ಮೂಲ ನಿವೃತ್ತ ಡ್ರಿಲ್ ಮೇಷ್ಟ್ರು. ಅವರ ಅಳಿಯನಿಗೆ ಹೊನ್ನಾವರದಲ್ಲಿ ನೌಕರಿ. ಮಗಳ ಬಾಣಂತನ ನೋಡಲು ಹೋದವರು ಯಾರದೋ ಗಾಳದ ಕೋಲು ಒಮ್ಮೆ ಹಿಡಿದು ಬೇರೆಯೇ ಮನುಷ್ಯರಾಗಿ ಬಂದರು. ಎರಡನೆಯವರು ಮೊಳಕಾಲ್ಮೂರಿನ ರೇಷ್ಮೆ ಸೀರೆ ವ್ಯಾಪಾರಿ. ಅರ್ಧ ಕನ್ನಡ, ಅರ್ಧ ತೆಲುಗು, ಪೂರ್ತಿ ಬಡಾಯಿ. ಮೂರನೆಯವರು ಎಣ್ಣೆ ಮಿಲ್ಲಿನ ಸಾಹುಕಾರರು. ಇವರ ಕಥೆಯೇ ಬೇರೆ. ಅವರ ಮನೆಯೊಳಗೆ ಮೊಟ್ಟೆಯೂ ಬರುವಂತಿಲ್ಲ. ಸಾಹುಕಾರರ ಅವ್ವ ಇನ್ನೂ ಗಟ್ಟಿಮುಟ್ಟಾಗಿದ್ದಾರೆ, ಇಡೀ ಮನೆ ಅವರ ಒಂದು ಕೆಮ್ಮಿಗೆ ಎದ್ದು ನಿಲ್ಲುತ್ತದೆ. ಆ ಅವ್ವನಿಗೆ ಇವರು ಹೇಳಿರುವುದು, 'ಗೋಕರ್ಣಕ್ಕೆ ದರ್ಶನಕ್ಕೆ ಹೋಗಿಬರ್ತೀವಿ' ಎಂದು. ಗಾಳದ ಕೋಲು ನನ್ನ ಅಂಗಡಿಯಲ್ಲಿ ಬೋರ್‌ವೆಲ್ ಪೈಪಿನ ನಡುವೆ ಅಡಗಿರುತ್ತದೆ.

"ತಿನ್ನಲ್ಲ ಕಣಪ್ಪ ನಾನು. ಹಿಡಿದು ಬಿಟ್ಟುಬಿಡ್ತೀನಿ. ಪಾಪ ಬರಲ್ಲ," ಎನ್ನುತ್ತಾರೆ ಸಾಹುಕಾರರು.

"ಹಿಡಿದ್ರೆ ತಾನೇ ಬಿಡೋದು ಸಾವ್ಕಾರ್ರೇ," ಎನ್ನುತ್ತೇನೆ ನಾನು.

ಏಕೆಂದರೆ ಇಷ್ಟು ವರ್ಷದಲ್ಲಿ ಅವರ ಗಾಳಕ್ಕೆ ಒಂದು ಮೀನೂ ಬಿದ್ದಿಲ್ಲ. ಅದೇ ಅವರ ದೊಡ್ಡ ಕೊರಗು. ನನ್ನ ಅಂಗಡಿಯಲ್ಲಿ ಗಿರಾಕಿಗಳಿಗೆಂದು ಕೈಯಿರುವ ಕುರ್ಚಿಯೊಂದಿದೆ. ಯಾರ ಮೀನು ದೊಡ್ಡದೋ ಅವರು ಮುಂದಿನ ಪ್ರವಾಸದವರೆಗೆ ಅದರಲ್ಲಿ ಕೂರಬೇಕು, ಉಳಿದವರು ಕಲ್ಲುಬೆಂಚಿನ ಮೇಲೆ. ಕುರ್ಚಿಯವರು ಕಥೆ ಹೇಳುವಾಗ ಯಾರೂ ನಡುವೆ ಬಾಯಿ ಹಾಕುವಂತಿಲ್ಲ. ಕುರ್ಚಿ ನನ್ನದು, ನಿಯಮ ಅವರದು. ಇನ್ನೊಂದು ನಿಯಮವೂ ಇದೆ: ಬಳಗದ ಇನ್ನೊಬ್ಬರು ಕಣ್ಣಾರೆ ಕಂಡಿರಬೇಕು, ಈ ಕಲ್ಲುಬೆಂಚಿನ ಮುಂದೆ ಭಾನುವಾರ ಸಾಕ್ಷಿ ಹೇಳಬೇಕು. ಒಬ್ಬರನ್ನೊಬ್ಬರು ಎಷ್ಟು ನಂಬುತ್ತಾರೆಂಬುದು ಇದರಿಂದಲೇ ಗೊತ್ತಾಗುತ್ತದೆ. ಗಾಡಿ ಸಾಹುಕಾರರದು, ಡೀಸೆಲ್ ಅವರದು, ದಾರಿಯ ತಿಂಡಿಯೂ ಅವರದು; ಬೆಂಚು ಮಾತ್ರ ಖಾಯಂ.

ನನಗೆ ಮೀನಿನ ಮೇಲೆ ಯಾವ ದ್ವೇಷವೂ ಇಲ್ಲ. ದ್ವೇಷವೇನಿದ್ದರೂ ಹಿಡಿಯುವವರ ಮೇಲೆ.

ಅಭ್ಯಾಸ

ಪ್ರವಾಸಕ್ಕೆ ಮುಂಚೆ ಅಭ್ಯಾಸ ಮಾಡಬೇಕೆಂದು ಮೇಷ್ಟ್ರ ಹಟ. ಡ್ರಿಲ್ ಮಾಡಿಸಿದ ಜೀವ, ಸುಮ್ಮನಿರುವುದಿಲ್ಲ. ಗಾಳ ದೂರ ಎಸೆಯುವುದೇ ಒಂದು ವಿದ್ಯೆಯಂತೆ. ಅದಕ್ಕೆ ನೀರು ಬೇಕಲ್ಲ ಎಂದೆ. "ನೀರು ಯಾಕೆ? ಕೈ ಪಳಗಬೇಕು ಅಷ್ಟೆ," ಎಂದು ಮೂವರೂ ಊರಾಚೆ ಒಣಗಿದ ಕೆರೆಯಂಗಳಕ್ಕೆ ಹೊರಟರು. ಮಜಾ ನೋಡೋಣವೆಂದು ನಾನೂ ಅಂಗಡಿ ಬಾಗಿಲು ಎಳೆದು ಹಿಂದೆ ಹೋದೆ.

ಸರದಿ ಸಾಹುಕಾರರದು. ಮೇಷ್ಟ್ರು ಸೀಟಿ ಊದಿದರು. ನಿಜವಾಗಿ ಊದಿದರು, ಕೊರಳಲ್ಲಿ ಹಾಕಿಕೊಂಡೇ ಬಂದಿದ್ದರು. ಸಾಹುಕಾರರು ಕೋಲು ಹಿಂದಕ್ಕೆ ಬಾಗಿಸಿ, ಹೊಟ್ಟೆ ಒಳಗೆಳೆದುಕೊಂಡು, ಬೀಸಿದರು. ಸೀಸದ ಗುಂಡು, ಅದರ ಹಿಂದೆ ಗಾಳ, ಅವರ ಜನ್ಮದಲ್ಲೇ ಹೋಗಿರದಷ್ಟು ದೂರ ಹೋಯಿತು. ಜಾಲಿ ಗಿಡಗಳ ಆಚೆಯಿಂದ ಆಗ ತಾನೇ ಒಂದು ಕುರಿ ಹಿಂಡು ಬರುತ್ತಿತ್ತು. ಗಾಳ ಹೋಗಿ ಮುಂದಿದ್ದ ಟಗರಿನ ಬೆನ್ನಿನ ಉಣ್ಣೆಗೆ ಸಿಕ್ಕಿಕೊಂಡಿತು.

ಟಗರು ಬೆದರಿ ಓಡಿತು. ರೀಲು 'ಗರ್ರ್' ಎಂದು ಬಿಚ್ಚಿಕೊಂಡಿತು. ಸಾಹುಕಾರರ ಮುಖ ನೋಡಬೇಕಿತ್ತು! ಮಗನ ಮದುವೆಯಲ್ಲೂ ಅವರು ಅಷ್ಟು ಸಂತೋಷಪಟ್ಟಿರಲಿಲ್ಲ.

"ಬಿದ್ದೈತೆ! ಮೇಷ್ಟ್ರೇ, ಬಿದ್ದೈತೆ!"

"ಎಳೀಬೇಡ್ರಿ! ದಾರ ಬಿಡ್ರಿ, ಓಡ್ಲಿ! ಸುಸ್ತಾಗಲಿ! ಆಮೇಲೆ ಸುತ್ತಿ!" ಎಂದು ಮೇಷ್ಟ್ರು.

"ಒಡುಪುಗಾ, ಒಡುಪುಗಾ! ಉಪಾಯವಾಗಿ! ತಲೆ ಎತ್ತೋಕೆ ಬಿಡಬ್ಯಾಡ!" ಎಂದು ಸೀರೆ ವ್ಯಾಪಾರಿ.

ಟಗರು ಎಡಕ್ಕೆ ಓಡಿದರೆ ಸಾಹುಕಾರರು ಎಡಕ್ಕೆ, ಬಲಕ್ಕೆ ಓಡಿದರೆ ಬಲಕ್ಕೆ. ಪಂಚೆ ಎತ್ತಿ ಕಟ್ಟಿದ್ದು ಬಿಚ್ಚಿಹೋಯಿತು, ಒಂದು ಚಪ್ಪಲಿ ಎಲ್ಲೋ ಹೋಯಿತು. ಕುರಿ ಕಾಯುವ ಯಜಮಾನ ಕಂಬಳಿ ಹೆಗಲ ಮೇಲೆ ಹಾಕಿಕೊಂಡು, ಕೋಲಿಗೆ ಗದ್ದ ಊರಿ, ಸುಮಾರು ಹೊತ್ತು ಇದನ್ನೆಲ್ಲ ನೋಡುತ್ತ ನಿಂತ. ಆಮೇಲೆ ಹತ್ತಿರ ಬಂದು ಬಹಳ ಮರ್ಯಾದೆಯಿಂದ ಹೇಳಿದ:

"ಸಾಮಿ, ಅದು ಸುಸ್ತಾಗಲ್ಲ. ಬೆಳಗಿಂದ ಬೈಗಿನ ತನಕ ನಡೆಯೋದೇ ಅದರ ಕಸುಬು. ನೀವೇ ಒಸಿ ಕೂತ್ಕಳ್ರಿ."

ಕತ್ತರಿಯಿಂದ ಉಣ್ಣೆ ಕತ್ತರಿಸಿ ಗಾಳ ಬಿಡಿಸಿಕೊಟ್ಟ. ಟಗರಿಗೆ ಏನೂ ಆಗಿರಲಿಲ್ಲ. ವಾಪಸು ಬರುವಾಗ ಸಾಹುಕಾರರು ಗಂಟಲು ಸರಿಮಾಡಿಕೊಂಡು ಕೇಳಿದರು: "ಅಲ್ಲ, ಎಲ್ಲರೂ ಕಣ್ಣಾರೆ ನೋಡಿದ್ರಲ್ಲ. ಸಾಕ್ಷಿ ಐತೆ. ಹಿಡಿದು ಬಿಟ್ಟೂ ಆಯ್ತು. ಇದನ್ನ ಲೆಕ್ಕಕ್ಕೆ ತಗೋಬಹುದಾ?"

ರೇಷ್ಮೆ ಕೈ

ಗಾಳದ ದಾರ ತೊಡಕಾದರೆ ದೇವರೇ ಬಂದರೂ ಬಿಡಿಸಲಾರ. ಸೀರೆ ವ್ಯಾಪಾರಿಯ ರೀಲು ಒಮ್ಮೆ ಹಾಗಾಯಿತು. ಗುಬ್ಬಚ್ಚಿ ಗೂಡನ್ನು ಕೈಯಲ್ಲಿ ಹಿಡಿದುಕೊಂಡಂತೆ ಹಿಡಿದುಕೊಂಡು ನನ್ನ ಹತ್ತಿರ ಬಂದರು.

"ನೀನು ದಿನಾ ತಂತಿ ಸುತ್ತೋನಲ್ಲಪ್ಪಾ. ಇದನ್ನೂ ಸುತ್ತಿಬಿಡು."

"ನಾನು ಸುತ್ತೋದು ತಾಮ್ರ. ನಿಮ್ಮ ಬೀದಿ ತುಂಬಾ ನೇಕಾರರು ಇದಾರಲ್ರಿ, ರೇಷ್ಮೆ ಎಳೆ ಬಿಡಿಸೋರು. ಅವರಿಗೆ ಕೊಡಿ," ಎಂದೆ, ತಲೆನೋವು ಸಾಗಹಾಕುವ ಆಸೆಯಿಂದ.

ಅವರಿಗೆ ಅದು ಬ್ರಹ್ಮಜ್ಞಾನವಾದಂತೆ ಆಯಿತು. ಮೊಳಕಾಲ್ಮೂರಿಗೆ ಒಯ್ದು, ತಮಗೆ ಸೀರೆ ನೇಯ್ದು ಕೊಡುವ ಮನೆಗೇ ಕೊಟ್ಟರು. ಮುಂದಿನ ಭಾನುವಾರ ರೀಲು ತಂದು ತೋರಿಸಿದರು. ನಾನು ಎಂಥ ವೈಂಡಿಂಗ್ ನೋಡಿದವನು! ಒಪ್ಪಿಕೊಳ್ಳಲೇಬೇಕು, ಎಳೆಯ ಪಕ್ಕ ಎಳೆ, ಒಂದರ ಮೇಲೊಂದು ಏರಿಲ್ಲ, ನೋಡಿದರೆ ಮುಟ್ಟಲೂ ಮನಸ್ಸು ಬಾರದು.

"ಚೂಡು, ನೋಡು! ಮೊಳಕಾಲ್ಮೂರು ಕೈ ಅಂದ್ರೆ ಇದು," ಎಂದು ಮೂರು ವಾರ ಅದನ್ನೇ ತೋರಿಸಿದರು. ಮೀನು ಹಿಡಿಯುವ ಮೊದಲೇ ಕುರ್ಚಿಯಲ್ಲಿ ಕೂತಷ್ಟು ಜಂಬ.

ಸಮುದ್ರದಲ್ಲಿ ಮೊದಲ ಸಲ ಬೀಸಿದಾಗಲೇ ಗುಂಡು, ಗಾಳ, ಅರ್ಧ ದಾರ ಎಲ್ಲ ಹಾರಿಹೋದವು. ಇನ್ನೊಂದು ಕಟ್ಟಿ ಬೀಸಿದರು, ಅದೂ ಹೋಯಿತು. ಮತ್ತೊಂದು, ಅದೂ. ಊರಿಗೆ ಬರುವಷ್ಟರಲ್ಲಿ ಕಥೆ ತಯಾರಾಗಿತ್ತು: "ಅಬ್ಬಬ್ಬಾ, ಎಂಥ ಮೀನಪ್ಪಾ! ಮೂರು ಸಲ ಕಡ್ಕೊಂಡು ಹೋಯ್ತು. ಅದರ ಬಾಯಿ ಈ ಬಾಗಿಲಷ್ಟು ಇರಬೇಕು." ಯಾರೂ ನೋಡದ ಮೀನೇ ಈ ಬಳಗದಲ್ಲಿ ಯಾವಾಗಲೂ ದೊಡ್ಡದು.

ಕೊನೆಗೆ ಮೇಷ್ಟ್ರಿಗೆ ಅನುಮಾನ ಬಂದು, ಉಳಿದ ದಾರವನ್ನು ಬೆರಳಲ್ಲಿ ಹಿಡಿದು ಎಳೆಯುತ್ತ ಹೋದರು. ಅಲ್ಲಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗಂಟುಗಳು. ಎಳೆದಲ್ಲೆಲ್ಲ ಪಟ್ ಪಟ್ ಎಂದು ಬಿಟ್ಟುಕೊಂಡವು. ಸೀರೆ ವ್ಯಾಪಾರಿ ಕೆಂಡವಾಗಿ ಅಲ್ಲಿಂದಲೇ ನೇಕಾರರ ಮನೆಗೆ ಫೋನ್ ಮಾಡಿದರು. ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಬೇರೆ ಹಾಕಿದರು.

"ಮಗ್ಗದ ಮೇಲೆ ಎಳೆ ತೊಡಕಾದ್ರೆ ಬಿಡಿಸ್ತಾ ಕೂರಲ್ಲ ಸಾಮಿ. ತೊಡಕು ಕತ್ತರಿಸಿ ಎಸೆದು, ತುದಿ ತುದಿ ಕೂಡಿಸ್ತೀವಿ. ನಿಮ್ಮದೂ ಹಂಗೇ ಮಾಡಿದ್ವಿ," ಎಂದಿತು ಆ ಕಡೆಯ ದನಿ.

"ಎಳೆದ್ರೆ ಕಿತ್ತು ಬರ್ತಾ ಐತಲ್ಲಯ್ಯಾ!"

"ಇಷ್ಟು ವರ್ಷ ಸೀರೆ ನೇಯ್ದಿದೀವಿ ಸಾಮಿ," ಎಂದು ಆ ಕಡೆಯವನು ತಣ್ಣಗೆ ಹೇಳಿದ, "ಒಂದು ಮೀನೂ ಬಂದು ಎಳೆದಿಲ್ಲ."

ಮೇಷ್ಟ್ರ ಫೋಟೊ

ಇದು ಚಿಕ್ಕದು. ಮೇಷ್ಟ್ರ ಫೋನಿನಲ್ಲಿ ಒಂದು ಫೋಟೊ ಇದೆ. ಅವರು ಮೀನನ್ನು ಎರಡೂ ಕೈಯಲ್ಲಿ ಹಿಡಿದು, ಕೈಗಳನ್ನು ಆದಷ್ಟು ಮುಂದಕ್ಕೆ ಚಾಚಿ, ತಾವು ಆದಷ್ಟು ಹಿಂದಕ್ಕೆ ವಾಲಿದ್ದಾರೆ. ಹಾಗೆ ತೆಗೆಸಿದರೆ ಅಂಗೈಯಗಲದ ಮೀನು ಮೇಷ್ಟ್ರಿಗಿಂತ ದಪ್ಪ ಕಾಣುತ್ತದೆ. ಇದು ಅವರೆಲ್ಲರೂ ಬಲ್ಲ ವಿದ್ಯೆ. ಆದರೂ ಒಬ್ಬರ ಫೋಟೊ ಇನ್ನೊಬ್ಬರು ನೋಡುವಾಗ, "ಹಬ್ಬಾ!" ಎನ್ನುತ್ತಾರೆ. ತಮ್ಮ ಫೋಟೊಗೂ ನಾಳೆ ಹಾಗೆ ಅನ್ನಬೇಕಲ್ಲ, ಆ ಮುಂದಾಲೋಚನೆ.

ಎದುರಿನ ಟೀ ಅಂಗಡಿಯ ಅಕ್ಕ ಲೋಟ ತೆಗೆದುಕೊಂಡು ಹೋಗಲು ಬಂದಿದ್ದಳು. ಮೇಷ್ಟ್ರು ತಡೆಯಲಾರದೆ ಅವಳಿಗೂ ತೋರಿಸಿದರು. ಅವಳು ಒದ್ದೆ ಕೈ ಸೆರಗಿಗೆ ಒರೆಸಿಕೊಂಡು, ಫೋನನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದಳು.

"ಸತ್ತೋಗೈತೆ ಅಲ್ವಾ ಮೇಷ್ಟ್ರೇ ಇದು?"

"ಹೂಂ ಕಣಮ್ಮ. ಒಂದು ಗಂಟೆ ಹೋರಾಡಿ ಸತ್ತಿದ್ದು."

"ಮತ್ತೆ ಅಷ್ಟು ದೂರ ಯಾಕೆ ನಿಂತೀರಿ? ಏನೂ ಮಾಡಲ್ಲ, ಹತ್ರ ಹಿಡ್ಕಳ್ರಿ."

ಸಮುದ್ರದ ಪಂಚಾಂಗ

ಸಮುದ್ರ ಏರುವುದು ಇಳಿಯುವುದು ಚಂದ್ರನ ಲೆಕ್ಕವಂತೆ. ಹಾಗಾಗಿ ಮೇಷ್ಟ್ರು ಗೋಡೆ ಕ್ಯಾಲೆಂಡರನ್ನು ಕಂಕುಳಲ್ಲಿ ಇಟ್ಟುಕೊಂಡೇ ಬರುತ್ತಾರೆ. ನಾವು ಬೋರ್‌ವೆಲ್ ಎಷ್ಟು ಅಡಿ ಇಳಿಯಿತೆಂದು ಮಾತಾಡುತ್ತಿದ್ದರೆ ಅವರು ಅರಬ್ಬಿ ಸಮುದ್ರ ಎಷ್ಟು ಅಡಿ ಏರಿತೆಂದು ಚಿಂತೆ ಮಾಡುತ್ತಾರೆ. ಕೂದಲು ಕತ್ತರಿಸಿಕೊಳ್ಳಲು ಹೋದರೂ, "ಈಗ ಅಲ್ಲಿ ಇಳಿತ," ಎನ್ನುತ್ತಾರೆ. ಇಳಿದರೆ ಇಳಿಯಲಿ, ಇಲ್ಲಿ ಯಾರ ಚಪ್ಪಲಿ ತೇಲಿಹೋಗಬೇಕಿದೆ?

ಒಂದು ಭಾನುವಾರ ನಾಯಕನಹಟ್ಟಿ ಕಡೆಯ ರೈತನೊಬ್ಬ ಬೋರ್ ಕೊರೆಸುವ ಮೊದಲು ಮೋಟಾರಿನ ವಿಚಾರ ಕೇಳಲು ನನ್ನ ಹತ್ತಿರ ಬಂದ. ಬೆಂಚಿನ ಮೇಲೆ ಮೇಷ್ಟ್ರು ಕ್ಯಾಲೆಂಡರ್ ಬಿಡಿಸಿಕೊಂಡು ತಿಥಿ, ಪಕ್ಷ ಎಂದು ಬೆರಳು ಮಡಿಚುತ್ತಿದ್ದರು. ರೈತ ಹೊರಗೆ ನಿಂತು ಕೇಳಿಸಿಕೊಂಡ. ಅವನ ಕಣ್ಣಲ್ಲಿ ಭಕ್ತಿ ಮೂಡಿದ್ದನ್ನು ನಾನು ಒಳಗಿನಿಂದಲೇ ಕಂಡೆ.

"ಬುದ್ಧೀ, ನೀರು ಯಾವತ್ತು ಚೆನ್ನಾಗಿ ಬರ್ತದೆ?"

ಮೇಷ್ಟ್ರು ತಲೆಯೆತ್ತಲೂ ಇಲ್ಲ. ಮೀನಿನ ಬಗ್ಗೆ ಕೇಳುವ ಹೊಸಬನೊಬ್ಬ ಸಿಕ್ಕಿದನೆಂಬ ಖುಷಿ. "ಹುಣ್ಣಿಮೆ ಮಾರನೆ ದಿನ. ಬೆಳಿಗ್ಗೆ. ಅವತ್ತು ಬರೋ ನೀರು ಇನ್ಯಾವತ್ತೂ ಬರಲ್ಲ. ಕಣ್ಣು ಮುಚ್ಕೊಂಡು ಇಳಿಸು."

ನಾನು ಬಾಯಿ ತೆರೆಯುವಷ್ಟರಲ್ಲಿ ರೈತ ಕೈಮುಗಿದು ಹೋಗಿಬಿಟ್ಟ. ಹುಣ್ಣಿಮೆಯ ಮಾರನೆ ದಿನ ಕೊರೆಸಿದ. ನಂಬುತ್ತೀರೋ ಇಲ್ಲವೋ, ನೀರು ಬಂತು. ಸುದ್ದಿ ಮೇಷ್ಟ್ರ ಕಿವಿಗೆ ಬಿದ್ದದ್ದೇ ತಡ, ತಮ್ಮನ್ನು ಕೇಳಿದ್ದು ಬೋರ್‌ವೆಲ್ ವಿಚಾರ ಎಂದು ಗೊತ್ತಾದರೂ ತಿದ್ದಿಕೊಳ್ಳುವುದು ಬಿಟ್ಟು, "ನೀರು ಅಂದ್ರೆ ನೀರೇ ಕಣಯ್ಯ, ಭೂಮಿ ಮೇಲಿದ್ರೇನು ಒಳಗಿದ್ರೇನು," ಎಂದು ಎದೆಯುಬ್ಬಿಸಿದರು. ಆ ವಾರ ಅವರು ಕುರ್ಚಿಯ ಕೈಯ ಮೇಲೆ ಕೂತರು.

ಎರಡು ಭಾನುವಾರ ಬಿಟ್ಟು ರೈತ ಒಂದು ಬಾಟಲಿ ನೀರು ತಂದ. ಎಲ್ಲರಿಗೂ ತೀರ್ಥದ ಹಾಗೆ ಅಂಗೈಗೆ ಹಾಕಿದ. ಮೇಷ್ಟ್ರು ಕಣ್ಣಿಗೊತ್ತಿಕೊಂಡು ಕುಡಿದವರು, ಹಾಗೆಯೇ ಎದ್ದು ಹೋಗಿ ಚರಂಡಿಗೆ ಉಗುಳಿದರು. ಅಷ್ಟು ಉಪ್ಪು. ಎಮ್ಮೆಯೂ ಮೂಸುತ್ತಿಲ್ಲವಂತೆ.

ರೈತ ಜಗಳ ತೆಗೆಯುತ್ತಾನೆಂದು ನಾನು ಸ್ಪ್ಯಾನರ್‌ಗಳನ್ನೆಲ್ಲ ಒಳಗಿಟ್ಟೆ. ಅವನು ಬಾಟಲಿಗೆ ಮುಚ್ಚಳ ತಿರುಗಿಸುತ್ತ ಹೇಳಿದ್ದು ಇಷ್ಟೇ: "ನಿಮ್ಮ ಮಾತು ಸುಳ್ಳಾಗಲಿಲ್ಲ ಬುದ್ಧಿ. ನೀರು ನೀವು ಲೆಕ್ಕ ಹಾಕ್ತಿದ್ದ ಸಮುದ್ರದಿಂದಲೇ ಬಂದೈತೆ. ಇನ್ನು ಆ ಮೀನೂ ಒಂದೆರಡು ಕೊಟ್ಟುಬಿಡಿ, ಬಿಟ್ಕಂತೀನಿ."

ನಾನು ಕಂಡದ್ದು

ಹೋದ ಸಲ ಗಾಡಿಯಲ್ಲಿ ಒಂದು ಸೀಟು ಖಾಲಿ ಇದೆಯೆಂದು ನನ್ನನ್ನೂ ಎಳೆದುಕೊಂಡು ಹೋದರು. ಇಷ್ಟು ದಿನ ಆಡಿಕೊಂಡವನು ಒಮ್ಮೆ ನೋಡಿಯೇ ಬಿಡೋಣ ಎಂದು ನಾನೂ ಹತ್ತಿದೆ. ದೋಣಿ ಹತ್ತಿದವನು ಬಳಗದವನೇ ಎಂದು ಮೇಷ್ಟ್ರು ಆಗಲೇ ತೀರ್ಪು ಕೊಟ್ಟರು. ಬಾಡಿಗೆ ದೋಣಿಯವನ ಸಾಕ್ಷಿ ಮಾತ್ರ ನಡೆಯುವುದಿಲ್ಲ, ಏಕೆಂದರೆ ಖುಷಿಯಾಗಿ ಏನಾದರೂ ಕೊಟ್ಟರೆ ಅವನು ತಿಮಿಂಗಿಲ ಹಿಡಿದರೆಂದೂ ಹೇಳುತ್ತಾನೆ.

ಸಾಹುಕಾರರಿಗೆ ಯಾಕೆ ಮೀನು ಬೀಳುವುದಿಲ್ಲವೆಂಬುದು ದೋಣಿಯಲ್ಲಿ ಕೂತ ಕೂಡಲೇ ನನಗೆ ತಿಳಿಯಿತು. ಉಳಿದವರು ಗಾಳಕ್ಕೆ ಸೀಗಡಿ ಚುಚ್ಚುತ್ತಾರೆ. ಇವರು ಸೀಗಡಿ ಮುಟ್ಟುವುದಿಲ್ಲ. ತಮ್ಮ ಮಿಲ್ಲಿನ ಶೇಂಗಾ ಹಿಂಡಿಯನ್ನು ಎಣ್ಣೆ ಹಾಕಿ ಮಿದ್ದು, ಉಂಡೆ ಕಟ್ಟಿ, ಡಬ್ಬಿಯಲ್ಲಿ ತಂದಿದ್ದರು.

"ಸಾವ್ಕಾರ್ರೇ, ಇದನ್ನ ಎಮ್ಮೆ ತಿಂತದೆ. ಸಮುದ್ರದ ಮೀನು ತಿಂತದಾ?"

"ನಮ್ಮ ಹಿಂಡಿಗೆ ದಾವಣಗೆರೆಯಿಂದ ಗಿರಾಕಿ ಬರ್ತಾರಪ್ಪ. ಮೀನಿಗೇನು ರೋಗ?"

ಅಷ್ಟು ಹೊತ್ತಿಗೆ ಅಲೆ ಶುರುವಾಯಿತು. ಸೀರೆ ವ್ಯಾಪಾರಿ, ಆಗ ಕುರ್ಚಿಯ ಒಡೆಯರು, ದೋಣಿಯ ಅಂಚಿಗೆ ಗದ್ದ ಆನಿಸಿ ಮುಂಜಾನೆ ತಿಂದ ಇಡ್ಲಿಯನ್ನೆಲ್ಲ ಅರಬ್ಬಿ ಸಮುದ್ರಕ್ಕೆ ಒಪ್ಪಿಸುತ್ತಿದ್ದರು. ಮೇಷ್ಟ್ರು ವಾಂತಿಯಾಗದಿರಲೆಂದು ನುಂಗಿದ ಮಾತ್ರೆಯ ಮಂಪರಿಗೆ, ಮುಖದ ಮೇಲೆ ಟವೆಲ್ ಹಾಕಿಕೊಂಡು ಗೊರಕೆ ಹೊಡೆಯುತ್ತಿದ್ದರು. ಇವರು ಸಮುದ್ರಶೂರರು! ನೆಟ್ಟಗೆ ಕೂತಿದ್ದವರು ಸಾಹುಕಾರರು ಮತ್ತು ನಾನು. ನನಗೆ ರೇಗಿಹೋಯಿತು. "ಇಲ್ಲಿ ಕೊಡ್ರಿ, ನೀವು ಆ ಕಡೆ ಮುಖ ಮಾಡ್ರಿ," ಎಂದು ಅವರ ಗಾಳಕ್ಕೆ ಒಂದು ಸೀಗಡಿ ಚುಚ್ಚಿದೆ. ಅವರು ಕಣ್ಣು ಮುಚ್ಚಿ, "ಶಿವಾ," ಎಂದು ಬೀಸಿದರು.

ಕೋಲು ಬಿಲ್ಲಿನ ಹಾಗೆ ಬಾಗಿತು. ಇಲ್ಲಿ ನಾನು ಗೇಲಿ ಮಾಡುವುದಿಲ್ಲ. ಸಾಹುಕಾರರು ಹಲ್ಲು ಕಚ್ಚಿ ಸುತ್ತಿದರು, ಬಿಟ್ಟರು, ಮತ್ತೆ ಸುತ್ತಿದರು. ಬೆವರು ಕಣ್ಣಿಗೆ ಇಳಿಯುತ್ತಿತ್ತು. ಕೊನೆಗೆ ದೋಣಿಯವ ಬಲೆ ಚೀಲ ಹಾಕಿ ಎತ್ತಿದಾಗ ನನ್ನ ತೋಳಿನಷ್ಟು ಉದ್ದದ ಬೆಳ್ಳಿ ಬಣ್ಣದ ಮೀನು. ಅದುವರೆಗೆ ಬಳಗದಲ್ಲಿ ಯಾರೂ ಅದರ ಅರ್ಧವನ್ನೂ ಹಿಡಿದಿರಲಿಲ್ಲ. ಸಾಹುಕಾರರ ಕಣ್ಣಲ್ಲಿ ನೀರು ಬಂತು.

"ಫೋಟೊ ತೆಗೀತೀನಿ ಇರ್ರಿ."

"ಬ್ಯಾಡ ಮಾರಾಯ! ಹೆಂಗೋ ಮೊಮ್ಮಕ್ಕಳ ಫೋನಿಗೆ ಬಂದ್ರೆ ಅವ್ವ ನೋಡ್ತಾಳೆ!"

"ಹಂಗಾದ್ರೆ ಬಿಡಬ್ಯಾಡಿ, ಇವರನ್ನಾದ್ರೂ ಎಬ್ಬಿಸ್ತೀನಿ."

ನಾನು ಮೇಷ್ಟ್ರ ಟವೆಲ್ ಎಳೆಯುವಷ್ಟರಲ್ಲಿ ಸಾಹುಕಾರರು ಮೀನನ್ನು ಎರಡೂ ಕೈಯಲ್ಲಿ ಹಿಡಿದು, ಹಣೆಗೆ ಮುಟ್ಟಿಸಿಕೊಂಡು, ನೀರಿಗೆ ಬಿಟ್ಟುಬಿಟ್ಟಿದ್ದರು. ಹಿಡಿದು ಬಿಡುವ ವ್ರತ ನೋಡಿ.

"ಏನಾಯ್ತು?" ಎಂದು ಮೇಷ್ಟ್ರು ಎದ್ದು ಕೂತರು.

"ಮೀನು ಹಿಡಿದೆ! ಇಷ್ಟುದ್ದ!"

"ಎಲ್ಲೈತೆ?"

"ಬಿಟ್ಟೆ."

ವಾಂತಿ ಮಾಡಿ ಮಾಡಿ ನಿತ್ರಾಣವಾಗಿದ್ದ ಸೀರೆ ವ್ಯಾಪಾರಿ ಕೂಡ ತಲೆಯೆತ್ತಿ ನಕ್ಕರು.

ಸಾಕ್ಷಿ

ಆ ಭಾನುವಾರ ಸಾಹುಕಾರರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಎಲ್ಲರಿಗಿಂತ ಮುಂಚೆ ಬಂದರು. ಎಲ್ಲರಿಗೂ ಮಂಡಕ್ಕಿ ಮೆಣಸಿನಕಾಯಿ ತರಿಸಿದರು. ನನಗೆ ಎರಡು ಪ್ಲೇಟು. ಕುರ್ಚಿ ಸಿಗುವುದೋ ಬಿಡುವುದೋ ನನ್ನ ಒಂದು ಮಾತಿನಲ್ಲಿತ್ತು. ನನಗೂ ಒಂಥರಾ ಸುಖವಾಗಿತ್ತು, ಸುಳ್ಳೇಕೆ. ಇಷ್ಟು ವರ್ಷ ನನ್ನ ಅಂಗಡಿಯನ್ನು ಸಂತೆ ಮಾಡಿದವರು ಈಗ ನನ್ನ ಬಾಯಿ ನೋಡುತ್ತ ಕೂತಿದ್ದರು.

"ಹೇಳಪ್ಪ ಸಾಕ್ಷಿ," ಎಂದರು ಮೇಷ್ಟ್ರು. "ನೆನಪಿರಲಿ, ಒಂದೇ ಸಲ. ಹೇಳಿದ ಮೇಲೆ ತಿದ್ದಂಗಿಲ್ಲ."

ನಾನು ಕೈ ಒರೆಸಿಕೊಂಡು ಎದ್ದು ನಿಂತೆ. ಅಷ್ಟರಲ್ಲಿ ಅಂಗಡಿಯ ಮುಂದೆ ಒಂದು ಆಟೋ ಬಂದು ನಿಂತಿತು. ಒಳಗೆ ಸಾಹುಕಾರರ ಅವ್ವ, ಪಕ್ಕದಲ್ಲಿ ಅವರ ಮನೆಯ ಬೋರಿನ ಮೋಟಾರು.

"ಮೋಟಾರು ಸುಟ್ಟೋಗೈತೆ, ಮನೇಲಿ ಹನಿ ನೀರಿಲ್ಲ, ಇವನಿಲ್ಲಿ ಮಂಡಕ್ಕಿ ತಿಂತಾ ಕೂತವ್ನೆ," ಎನ್ನುತ್ತ ಇಳಿದರು. ಸೀರೆ ವ್ಯಾಪಾರಿ ಎದ್ದು ಅವ್ವನಿಗೆ ಕುರ್ಚಿ ಬಿಟ್ಟುಕೊಟ್ಟರು. ಆದರೆ ಅದನ್ನು ಸಾಹುಕಾರರಿಗೆ ಬಿಟ್ಟುಕೊಡುವ ಮನಸ್ಸು ಅವರಿಗೆ ಎಳ್ಳಷ್ಟೂ ಇರಲಿಲ್ಲ. ಕಣ್ಣು ಮಿಟುಕಿಸಿ ಶುರುಮಾಡಿದರು:

"ಅವ್ವಾ, ನಿಮ್ಮ ಮಗನ ಗೋಕರ್ಣ ಯಾತ್ರೆಗೆ ಈ ಸಲ ಇವನೂ ಬಂದಿದ್ದ. ಅಲ್ಲಿ ನಿಮ್ಮ ಮಗ ಏನು ಮಾಡಿದ್ರು ಅಂತ ಈಗ ಹೇಳೋನಿದ್ದ. ನೀವೇ ಕೇಳ್ರಿ."

ಎಂಥ ಕೇಡಿಗ ನೋಡಿ. ನಿಜ ಹೇಳಿದರೆ ಸಾಹುಕಾರರಿಗೆ ಮನೆಯಲ್ಲಿ ಉಳಿಗಾಲವಿಲ್ಲ. ಸುಳ್ಳು ಹೇಳಿದರೆ ಕುರ್ಚಿ ಇವರಿಗೇ ಉಳಿಯುತ್ತದೆ.

ಅವ್ವ ಕನ್ನಡಕ ಸರಿಮಾಡಿಕೊಂಡು ನನ್ನತ್ತ ತಿರುಗಿದರು. "ಹೌದೇನಪ್ಪ? ನನ್ ಮಗ ಅಲ್ಲಿ ಏನು ಮಾಡ್ದ?"

ಅವ್ವನ ಹಿಂದೆ ನಿಂತಿದ್ದ ಸಾಹುಕಾರರು ನನಗೆ ಎರಡೂ ಕೈ ಮುಗಿದು, ಬೇಡ ಬೇಡವೆಂದು ತಲೆ ಅಲ್ಲಾಡಿಸಿದರು. ಇಡೀ ಜನ್ಮದಲ್ಲಿ ಹಿಡಿದ ಒಂದೇ ಒಂದು ಮೀನನ್ನು ಆ ಮನುಷ್ಯ ನನ್ನ ಕಣ್ಣೆದುರಿಗೇ ಎರಡನೆಯ ಸಲ ಬಿಡುತ್ತಿದ್ದ. ನನಗೆ ಅಯ್ಯೋ ಅನ್ನಿಸಿತು.

"ಏನಿಲ್ಲವ್ವ. ದರ್ಶನ ಮಾಡಿದ್ರು. ಆಮೇಲೆ ದಂಡೆ ಮೇಲೆ ಕೂತು ಕಣ್ಣು ಮುಚ್ಚಿ ಜಪ ಮಾಡಿದ್ರು."

"ಮೀನು ಗೀನು ಏನಾರ?" ಎಂದು ಅವ್ವನೇ ಕೇಳಿದರು.

"ಮೀನಾ? ಅಯ್ಯೋ, ಎಲ್ಲಾದ್ರೂ ಉಂಟಾ!"

"ನಾಯಕನಹಟ್ಟಿ ತಿಪ್ಪೇಸ್ವಾಮಿ ಆಣೆಗೂ?"

"ತಿಪ್ಪೇಸ್ವಾಮಿ ಆಣೆಗೂ ಅವ್ವ. ನಿಮ್ಮ ಮಗನ ಗಾಳಕ್ಕೆ... ಕೈಗೆ ಒಂದು ಮೀನೂ ತಾಕಿಲ್ಲ."

ಅವ್ವ ಹಣೆ ಹಣೆ ಚಚ್ಚಿಕೊಂಡರು.

"ಈ ಸಲಾನೂ ಇಲ್ವಾ?"



"ಅವ್ವಾ, ನಿಂಗೆ ಗೊತ್ತಿತ್ತಾ?" ಎಂದರು ಸಾಹುಕಾರರು, ಸಣ್ಣ ದನಿಯಲ್ಲಿ.

"ಗೋಕರ್ಣಕ್ಕೆ ಹೋಗಿ ಬಂದೋನ ಅಂಗಿ ವಿಭೂತಿ ವಾಸನೆ ಹೊಡೀಬೇಕು ಕಣೋ. ನಿನ್ನಂಗಿ ಹಿತ್ತಲಿಗೆ ಹಾಕಿದ್ರೆ ಬೀದಿ ಬೆಕ್ಕೆಲ್ಲ ಬಂದು ಕೂರ್ತವೆ. ಒಂದಾದ್ರೂ ಸಿಕ್ಕರೆ ಈ ಹುಚ್ಚು ಬಿಡ್ತದೇನೋ ಅಂತ ನಾನು ನಾಯಕನಹಟ್ಟಿ ಸ್ವಾಮಿಗೆ ಹರಕೆ ಬ್ಯಾರೆ ಹೊತ್ತಿದೀನಿ. ಮನೆಯ ಮರ್ಯಾದೆ ಹೋಗಿದ್ದು ಹೋಯ್ತು, ಒಂದು ಮೀನೂ ಬರಲಿಲ್ಲವಲ್ಲೋ!"

ಸಾಹುಕಾರರು ಕುರ್ಚಿಯ ಮುಂದಕ್ಕೆ ನೆಗೆದರು. "ಸಿಕ್ತು ಕಣವ್ವ! ಈ ಸಲ ಸಿಕ್ತು! ಇಷ್ಟುದ್ದ! ಲೇ, ಹೇಳಲೇ, ನೀನೇ ನೋಡಿದ್ಯಲ್ಲ!"

"ಹೌದವ್ವ," ಎಂದೆ ನಾನೂ ಅವಸರದಲ್ಲಿ. "ನಾನೇ ಕಣ್ಣಾರೆ ನೋಡಿದೆ. ನನ್ನ ತೋಳುದ್ದ ಇತ್ತು. ಹಣೆಗೆ ಮುಟ್ಟಿಸ್ಕೊಂಡು ಬಿಟ್ಟುಬಿಟ್ರು."

"ಸಾಕ್ಷಿ ಒಂದೇ ಸಲ," ಎಂದು ಮೇಷ್ಟ್ರು ಗೊಣಗಿದರು. ಸೀರೆ ವ್ಯಾಪಾರಿ ಮಂಡಕ್ಕಿಯ ಪೊಟ್ಟಣದಲ್ಲಿ ಮುಖ ಮುಚ್ಚಿಕೊಂಡು ಕುಲುಕುತ್ತಿದ್ದರು.

ಅವ್ವ ಕೈ ಅಗಲಿಸಿಕೊಂಡು ನಿಂತ ಮಗನನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು. ಆಮೇಲೆ ಕುರ್ಚಿಯ ಕೈಗಳನ್ನು ಊರಿ ನಿಧಾನವಾಗಿ ಎದ್ದು, ಆಗ ತಾನೇ ಮೋಟಾರು ಇಳಿಸಲು ಬಗ್ಗಿದ್ದ ಆಟೋದವನಿಗೆ ಹೇಳಿದರು:

"ಇಳಿಸಬ್ಯಾಡ ಕಣಪ್ಪ. ತಿಪ್ಪೇಸ್ವಾಮಿ ಆಣೆಗೂ ಸುಳ್ಳು ಹೇಳೋನು, ನನ್ ಮೋಟಾರಿಗೆ ಎಂಥ ತಂತಿ ಸುತ್ತಿ ಕೊಡ್ತಾನೋ. ಬ್ಯಾರೆ ಅಂಗಡಿಗೆ ಬಿಡು."